ಆಶಾ ಅಕ್ಕ ಕೊಟ್ಟ ಕಬ್ಬಿಣದ ಸಿರಪ್: ಟೀಗೆ ಮಾತ್ರ ಬೆರೆಸಬೇಡಿ

ನನ್ನ ಮಗಳಿಗೆ ಮೂರು ವರ್ಷ. ಆಶಾ ಅಕ್ಕ ಮನೆಗೇ ತಂದುಕೊಟ್ಟ ಐಎಫ್‌ಎ (ಕಬ್ಬಿಣ ಮತ್ತು ಫೋಲಿಕ್ ಆಮ್ಲದ) ಸಿರಪ್ಪನ್ನು ನಾಲ್ಕು ತಿಂಗಳಿಂದ ಕುಡಿಸುತ್ತಿದ್ದೇನೆ. 2018ರಲ್ಲಿ ಶುರುವಾದ ಅನೀಮಿಯಾ (ರಕ್ತಹೀನತೆ) ಮುಕ್ತ ಭಾರತ ಕಾರ್ಯಕ್ರಮದಲ್ಲಿ ಇದು ಉಚಿತ. 1 ಮಿ.ಲೀ.ನಲ್ಲಿ 20 ಮಿ.ಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ವಾರಕ್ಕೆ ಎರಡೇ ಸಲ, ಸಲಕ್ಕೆ 1 ಮಿ.ಲೀ. ಅಳತೆ ಬಾಟಲಿಯಲ್ಲೇ ಇರುವುದರಿಂದ ಚಮಚ ಹುಡುಕುವ ಕೆಲಸವಿಲ್ಲ. 50 ಮಿ.ಲೀ. ಬಾಟಲಿ ಆರು ತಿಂಗಳ ಹತ್ತಿರ ಬರುತ್ತದೆ.

ರುಚಿ ಮಾತ್ರ ನಾಲಿಗೆಗೆ ತುಕ್ಕು ಸವರಿದ ಹಾಗೆ. ಕಬ್ಬಿಣದ ಔಷಧಿ ಅಂದಮೇಲೆ ಅಷ್ಟಿರುತ್ತದೆ. ಮೊದಲ ವಾರ ಮಗಳು ಉಗಿದುಬಿಟ್ಟಳು. ಆಗ ನಮ್ಮತ್ತೆ ಒಂದು ಉಪಾಯ ಮಾಡಿದರು. ಬೆಳಗಿನ ಟೀಗೆ ಸಿರಪ್ ಹಾಕಿ, ಬನ್ ಅದ್ದಿ ತಿನ್ನಿಸಿದರು. ಟೀ ಬೂದಿ ಕಲಸಿದ ಹಾಗೆ ಕಂಡಿತು. ಮಗಳು ತಿಂದಳಲ್ಲ ಅಂತ ನಾನೂ ಸುಮ್ನಿದ್ದೆ.

ಆಶಾ ಅಕ್ಕ ಮತ್ತೆ ಬಂದಾಗ ಹೇಳಿದೆ. "ಅಯ್ಯೋ ಅಮ್ಮಾ, ಟೀ ಜೊತೆ ಕೊಟ್ಟರೆ ಔಷಧಿ ಮೈಗೆ ಹತ್ತಲ್ಲ" ಅಂತ ಅತ್ತೆಗೆ ಹೇಳಿ, ಹಾಲು ಹಾಕದ ಡಿಕಾಕ್ಷನ್ನಿಗೆ ಒಂದಿಷ್ಟು ಸಿರಪ್ ಬಿಟ್ಟು ತೋರಿಸಿದರು. ನೋಡನೋಡುತ್ತಿದ್ದಂತೆ ಲೋಟದಲ್ಲಿ ಮಸಿ! ಅತ್ತೆಗೆ ಅವರ ಅಜ್ಜ ನೆನಪಾದರು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರಂತೆ. ಇದೂ ಅದೇ ಅಲ್ವಾ? ಅನ್ನಭೇದಿ ಕಬ್ಬಿಣದ ಉಪ್ಪು. ಅಳಲೆಕಾಯಿಯ ಒಗರಿನಲ್ಲಿರುವುದು ಟ್ಯಾನಿನ್. ಟೀಯ ಒಗರಿನಲ್ಲೂ ಅಂಥದೇ ವಸ್ತುಗಳಿವೆ. ಅವು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಾಗೆ ಸಿಕ್ಕಿಬಿದ್ದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಮ್ಮಿ. ಹಾಲು ಜಾಸ್ತಿ ಹಾಕಿದರೂ ಉಪಯೋಗವಿಲ್ಲ, ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡಿ. ಅಷ್ಟು ದಿನದ ಔಷಧಿ ವ್ಯರ್ಥವಾಯಿತಲ್ಲ ಅಂತ ನನಗೆ ತುಂಬಾ ಸಂಕಟವಾಯಿತು.

ಈಗ ಮಂಗಳವಾರ, ಶುಕ್ರವಾರ ಮಧ್ಯಾಹ್ನ, ಊಟವಾಗಿ ಅರ್ಧ ಗಂಟೆಗೆ ಕೊಡುತ್ತೇನೆ. ಹಿಂದೆಯೇ ಸ್ವಲ್ಪ ನಿಂಬೆ ಪಾನಕ. ನಿಂಬೆಯ ವಿಟಮಿನ್ ಸಿ ಇದ್ದರೆ ಮೈ ಕಬ್ಬಿಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಬಾಯಿಯ ತುಕ್ಕು ರುಚಿಯೂ ಹೋಗುತ್ತದೆ. ಮಗಳಿಗೆ ಟೀ ಕೊಡುವುದನ್ನೇ ನಿಲ್ಲಿಸಿದ್ದೇವೆ. ನಾನು ಕುಡಿಯುವ ಕಬ್ಬಿಣದ ಟಾನಿಕ್ಕಿಗೂ ಟೀಗೂ ಎರಡು ಗಂಟೆ ಅಂತರ ಇಟ್ಟಿದ್ದೇನೆ.

ಸಿರಪ್ ಕುಡಿದಾಗ ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಆದರೆ ಬಾಟಲಿ ಮಾತ್ರ ಮಕ್ಕಳ ಕೈಗೆ ಸಿಗಬಾರದು. ಜಾಸ್ತಿ ಕುಡಿದರೆ ಪುಟ್ಟ ಮಕ್ಕಳಿಗೆ ಕಬ್ಬಿಣ ವಿಷವಾಗುತ್ತದೆ. ನಮ್ಮನೆಯಲ್ಲಿ ದೇವರ ಗೂಡಿನ ಮೇಲಿಟ್ಟಿದ್ದೇವೆ.