ಶ್ಯಾಡೋ ಬಾಕ್ಸಿಂಗ್‌ಗೆ 1 ಕೆ.ಜಿ. ಡಂಬೆಲ್ ಜೋಡಿ

ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಹೊದಿಕೆಯ ಈ ಡಂಬೆಲ್‌ಗಳು ಅಚ್ಚುಕಟ್ಟಾಗಿದ್ದು, ಅಂಗೈ ಬೆವರಿದರೂ ಜಾರುವುದಿಲ್ಲ. ಆದರೆ ಇವನ್ನು ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವ ಅಭ್ಯಾಸಕ್ಕೆ, ಅಂದರೆ ಶ್ಯಾಡೋ ಬಾಕ್ಸಿಂಗ್‌ಗೆಂದೇ ಕೊಳ್ಳುವವರು ತುಸು ಯೋಚಿಸಬೇಕು. ಗುದ್ದು ಮುಂದಕ್ಕೆ ಸಾಗುತ್ತದೆ, ಡಂಬೆಲ್‌ನ ಭಾರವಾದರೋ ಕೆಳಕ್ಕೆ ಎಳೆಯುತ್ತದೆ. ಹೀಗಾಗಿ ಮುಖ್ಯವಾಗಿ ದಣಿಯುವುದು ಕೈಯನ್ನು ಎತ್ತಿ ಹಿಡಿಯುವ ಭುಜದ ಸ್ನಾಯುಗಳೇ ಹೊರತು, ಗುದ್ದಿಗೆ ಬಲ ತುಂಬುವ ಕಾಲು, ಸೊಂಟಗಳಲ್ಲ. ಸ್ಪರ್ಧೆಯಲ್ಲಿ ಬಳಸುವ 10 ಔನ್ಸ್ ಗ್ಲೌಸ್ ಒಂದರ ತೂಕವೇ ಸುಮಾರು 283 ಗ್ರಾಂ ಎಂದಮೇಲೆ, ಪ್ರತಿ ಕೈಯಲ್ಲೂ 1 ಕೆ.ಜಿ. ಎಂಬುದು ಅತಿಯಾಯಿತು. ಮೇಲಾಗಿ, ಗಾಳಿಯಲ್ಲಿ ರಭಸದಿಂದ ಜಾಬ್ (ಮುಂದಿರುವ ಕೈಯ ನೇರ ಗುದ್ದು) ಹೊಡೆದಾಗ ಎದುರಿಗೆ ತಡೆಯುವ ಚೀಲವಿರುವುದಿಲ್ಲವಾದ್ದರಿಂದ, ಚಲಿಸುತ್ತಿರುವ ಆ ಭಾರವನ್ನು ನಿಲ್ಲಿಸುವ ಹೊಣೆಯೆಲ್ಲ ಮೊಣಕೈ ಮತ್ತು ಭುಜದ ಕೀಲುಗಳ ಮೇಲೆ ಬೀಳುತ್ತದೆ.

ಪೊಟ್ಟಣದ ಮೇಲೆ ಮುದ್ರಿಸಿರುವ ‘ಗುದ್ದಿನ ವೇಗ ಹೆಚ್ಚುತ್ತದೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಡಂಬೆಲ್ ಕೆಳಗಿಟ್ಟೊಡನೆ ಕೈ ಹಗುರವೆನಿಸುವುದು ನಿಜ, ಆದರೆ ಆ ಅನಿಸಿಕೆಯೇ ವೇಗವಲ್ಲ. ಗಾರ್ಡ್, ಅಂದರೆ ಮುಖ ಕಾಯುವ ಕೈಗಳನ್ನು, ಮೇಲಿರಿಸಿಕೊಂಡು ನಿಧಾನವಾಗಿ, ಮೊಣಕೈಯನ್ನು ಪೂರ್ತಿ ಚಾಚದೆ ಒಂದು ಸುತ್ತು ಅಭ್ಯಾಸ ಮಾಡುವುದಕ್ಕೆ ಅರ್ಧ ಕೆ.ಜಿ.ಯ ಜೋಡಿಯೇ ಧಾರಾಳವಾಗಿ ಸಾಕು. ಭುಜದ ನೋವಿರುವವರು ಅದನ್ನೂ ಕೊಳ್ಳದಿರುವುದು ಲೇಸು.