ಆನ್‌ಲೈನ್‌ನಲ್ಲಿ ಬಳೆ: 2.10 ದೊಡ್ಡದು, 2.4 ಚಿಕ್ಕದು

ಅಂಗಡಿಯಲ್ಲಿ ‘ಎರಡು ಆರು ಕೊಡಿ’ ಎಂದರೆ ಬಳೆಗಾರ ಮೊದಲು ಕೈ ನೋಡುತ್ತಾನೆ. ‘ಎರಡು ಆರು ಆಗಲ್ಲಮ್ಮ, ಎರಡು ಎಂಟು ಬೇಕು’ ಎಂದು ಅವನೇ ತಿದ್ದುತ್ತಾನೆ. ಆನ್‌ಲೈನ್‌ನಲ್ಲಿ ಆ ಕಣ್ಣಿಲ್ಲ. ಇರುವುದು 2.10, 2.2, 2.4, 2.6, 2.8 ಎಂದು ಕಂಪ್ಯೂಟರ್ ಜೋಡಿಸಿಟ್ಟ ಸೈಜುಗಳ ಸಾಲು. ಎಲ್ಲಕ್ಕಿಂತ ದೊಡ್ಡ ಬಳೆ ಅದರಲ್ಲಿ ಮೊದಲಿಗೇ ಕೂತಿರುತ್ತದೆ, ಸಣ್ಣ ಕೈಯವರು ಅದನ್ನೇ ಒತ್ತುತ್ತಾರೆ. ಮಾರುವವರ ಎಕ್ಸೆಲ್ ಪಟ್ಟಿಯಲ್ಲಿ ಕೊನೆಯ ಸೊನ್ನೆ ಹಾರಿ 2.10 ಬರೀ 2.1 ಆಗಿಬಿಟ್ಟರಂತೂ ಇನ್ನೂ ಗೊಂದಲ.

ಆ ಚುಕ್ಕಿ ದಶಮಾಂಶದ್ದಲ್ಲ. ಇಂಚನ್ನು 16 ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಎಂಬುದೇ ಚುಕ್ಕಿಯ ನಂತರದ ಅಂಕಿ. ಹಾಗಾಗಿ 2.4 ಅಂದರೆ ಎರಡೂಕಾಲು ಇಂಚು, 2.8 ಅಂದರೆ ಎರಡೂವರೆ. ಮಕ್ಕಳ ಬಳೆ 1.12, 1.14 ಆದಮೇಲೆ ನೇರ 2.0ಕ್ಕೆ ಹೋಗುವುದೂ ಇದೇ ಲೆಕ್ಕಕ್ಕೆ. ಅಳೆಯುವುದು ಬಳೆಯ ನಟ್ಟನಡುವೆ, ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ. 2.4ಕ್ಕೆ 57.2 ಮಿ.ಮೀ., 2.6ಕ್ಕೆ 60.3, 2.8ಕ್ಕೆ 63.5, 2.10ಕ್ಕೆ 66.7. ಮಾರುವವರ ಪುಟದಲ್ಲಿ 2.6ರ ಪಕ್ಕ 6 ಸೆಂ.ಮೀ. ಎಂದಿದ್ದರೆ ಅವರಿಗೆ ಬಳೆ ಗೊತ್ತು. 6.6 ಸೆಂ.ಮೀ. ಎಂದಿದ್ದರೆ ಯಾರೋ 2.6ನ್ನು ದಶಮಾಂಶವೆಂದುಕೊಂಡು 2.54ರಿಂದ ಗುಣಿಸಿದ್ದಾರೆ, ಅದು ಹೆಚ್ಚೂಕಮ್ಮಿ 2.10ರ ಅಳತೆ. ಅಂಥ ಕಡೆ ಏನು ಬರುತ್ತದೋ ಹೇಳಲಾಗದು, ಬೇರೆ ಅಂಗಡಿ ನೋಡಿ.

ಕೈಗಾಗುವ ಹಳೇ ಬಳೆ ಇಲ್ಲದವರು ದಾರದಿಂದ ಅಳೆಯಬಹುದು. ಬಳೆ ತೊಡುವಾಗ ಮಾಡುವಂತೆ ಅಂಗೈ ಕುಗ್ಗಿಸಿ, ಹೆಬ್ಬೆರಳನ್ನು ಕಿರುಬೆರಳ ಬುಡದತ್ತ ಮಡಚಿ, ಗೆಣ್ಣುಗಳ ಮೇಲೆ ಅತಿ ಅಗಲವಾದ ಕಡೆ ದಾರ ಸುತ್ತಿ. ಬಿಗಿಯಬೇಡಿ. ಮಣಿಕಟ್ಟು ಅಳೆದರೆ ಉಪಯೋಗವಿಲ್ಲ, ಬಳೆ ಸಿಕ್ಕಿಕೊಳ್ಳುವುದು ಅಲ್ಲಲ್ಲ. ದಾರ 17 ಸೆಂ.ಮೀ. ಬಂದರೆ 2.2, 18ಕ್ಕೆ 2.4, 19ಕ್ಕೆ 2.6, 20ಕ್ಕೆ 2.8, 21ಕ್ಕೆ 2.10. ಒಂದು ಸೈಜಿಗೆ ಒಂದು ಸೆಂಟಿಮೀಟರ್. ಇದು ಕಾಕತಾಳೀಯವೇ, ಆದರೆ ನೆನಪಿಡಲು ಇಷ್ಟು ಸುಲಭದ ಲೆಕ್ಕ ಇನ್ನೊಂದಿಲ್ಲ. ಎರಡೂ ಕೈ ಅಳೆಯಿರಿ, ಬಲಗೈ ಸಾಮಾನ್ಯವಾಗಿ ತುಸು ದಪ್ಪ. ಬೆಳಗಿನ ಚಳಿಯಲ್ಲಿ ಅಳೆದ ಕೈ ಸಂಜೆಯ ಸೆಕೆಗೆ ಉಬ್ಬುತ್ತದೆ, ಆದ್ದರಿಂದ ಸಂಜೆ ಅಳೆಯುವುದು ಲೇಸು. 18.5 ಬಂದರೆ ಗಾಜಿಗೆ ದೊಡ್ಡದನ್ನೇ ಆರಿಸಿ.

ಇನ್ನು ಯಾವ ಬಳೆ ಆನ್‌ಲೈನ್‌ನಲ್ಲಿ ಕೊಳ್ಳಬಹುದು? ಸ್ಕ್ರೂ ಅಥವಾ ಕೀಲು ಇರುವ, ತೆರೆದು ಹಾಕುವ ಕಡಗಕ್ಕೆ ಐದರಲ್ಲಿ ನಾಲ್ಕೂವರೆ ಅಂಕ. ಅದು ಗೆಣ್ಣು ದಾಟಬೇಕಿಲ್ಲ, ಒಂದು ಸೈಜು ಕಡಿಮೆ ತಗೊಂಡರೂ ಚೆಂದ ಕೂರುತ್ತದೆ. ತೆರೆಯದ ಅಗಲ ಕಡಗವಾದರೆ ಉಲ್ಟಾ: ಒಂದು ಸೆಂಟಿಮೀಟರಿಗಿಂತ ಅಗಲವಿದ್ದರೆ ಒಂದು ಸೈಜು ಹೆಚ್ಚಿಸಿ. ರೇಷ್ಮೆ ದಾರದ ಬಳೆಗೆ ಮೂರು ಅಂಕ. ಪ್ಲಾಸ್ಟಿಕ್ ಬಳೆಯ ಮೇಲೆ ದಾರ ಸುತ್ತುವುದರಿಂದ ಒಳಗೆ ಒಂದೆರಡು ಮಿಲಿಮೀಟರ್ ಕಮ್ಮಿಯಾಗುತ್ತದೆ. ಸೈಜಿನಿಂದ ಸೈಜಿಗೆ ಇರುವುದೇ ಮೂರು ಚಿಲ್ಲರೆ ಮಿಲಿಮೀಟರ್, ಅದರಲ್ಲಿ ಅರ್ಧ ದಾರಕ್ಕೇ ಹೋಯಿತು. ‘2.6’ ಎಂದದ್ದು ಸುತ್ತುವ ಮೊದಲೋ ಆಮೇಲೋ ಎಂದು ಕೇಳಿಯೇ ಹಣ ಕಟ್ಟಿ.

ಗಾಜಿನ ಬಳೆಗೆ ಎರಡು ಅಂಕ, ಅದೂ ನಿಮ್ಮ ಸೈಜು ಖಾತ್ರಿ ಇದ್ದರೆ. ಗಾಜಿನ ಬಳೆಗೆ ಹೆಸರಾದ ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಗಾಜನ್ನು ಸುರುಳಿ ಎಳೆದು, ಕೊಯ್ದು, ಒಂದೊಂದು ಬಳೆಯ ಎರಡು ತುದಿಯನ್ನೂ ಉರಿಯಲ್ಲಿ ಕೈಯಿಂದಲೇ ಬೆಸೆಯುತ್ತಾರೆ. ಬೆಸೆದ ಕಡೆ ಬೆರಳಾಡಿಸಿದರೆ ಸಣ್ಣ ಗಂಟು ಸಿಗುತ್ತದೆ. ಹಾಗಾಗಿ ಒಂದೇ ಡಜನ್ನಿನಲ್ಲಿ ಒಂದೆರಡು ಬಳೆ ಬಿಗಿ, ಒಂದೆರಡು ಕೊಂಚ ಅಂಡಾಕಾರ. ಗಾಜು ಬಾಗುವುದಿಲ್ಲ, ಅಂಥದ್ದನ್ನು ಒತ್ತಿದರೆ ಚರ್ಮ ಕೊಯ್ಯುತ್ತದೆ. ಬಳೆಗಾರ ಸೋಪಿನ ನೀರು ಹಚ್ಚಿ, ಗೆಣ್ಣು ಅದುಮಿ ಏರಿಸುವ 2.4 ಮನೆಯಲ್ಲಿ ನೀವೇ ಹಾಕಿಕೊಂಡರೆ ಏರದು. ‘ಅಂಗಡಿಯಲ್ಲಿ ಹಾಕುವುದು 2.4’ ಎನ್ನುವವರು ಪಾರ್ಸೆಲ್‌ಗೆ 2.6 ಹೇಳುವುದೇ ಸರಿ. ಸೀಮಂತಕ್ಕೆ ಹಸಿರು ಬಳೆ ತರಿಸುವವರು ಇನ್ನೂ ಒಂದು ಗಮನಿಸಿ: ಬಸುರಿಯ ಕೈ ಊದಿಕೊಂಡಿರಬಹುದು, ಮದುವೆಯಲ್ಲಿ ತೊಟ್ಟ ಸೈಜು ಈಗ ನಡೆಯದು.

ಗಾಜಿನ ಬಳೆಗೆ ವಾಪಸಿ ಇಲ್ಲ ಎಂದು ಬಹಳ ಕಡೆ ಬರೆದಿರುತ್ತದೆ. ಒಡೆದು ಬಂದರೆ ಮಾತ್ರ ಬದಲಿ, ಅದಕ್ಕೂ ಪಾರ್ಸೆಲ್ ಬಿಚ್ಚುವ ವಿಡಿಯೊ ಕೇಳುತ್ತಾರೆ. ಟೇಪು ಕತ್ತರಿಸುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿ, ವಿಳಾಸದ ಚೀಟಿಯೂ ಕಾಣಲಿ. ಡಜನ್ ಕಟ್ಟಿದ ದಾರ ಬಿಚ್ಚಬೇಡಿ. ಕಟ್ಟಿನ ಮೇಲೆ ನಿಮ್ಮ ಹಳೇ ಬಳೆಯೊಂದನ್ನು ಮಲಗಿಸಿ, ಮೇಲಿಂದ ನೋಡಿ. ಒಳಗಿನ ಅಂಚುಗಳು ಸುತ್ತಲೂ ಒಂದರ ಮೇಲೊಂದು ಕೂತರೆ ಆಗ ಬಿಚ್ಚಿ.