ಫಾಕ್ಸ್‌ಪ್ರೊ ಲೆಡ್ಜರ್ ಬ್ರೌಸರ್‌ಗೆ: ಎಎಸ್‌ಪಿ, ಪಿಎಚ್‌ಪಿ, ಪೈಥಾನ್ ಮೂರರಲ್ಲಿ ಯಾವುದು?

ವಿಷುಯಲ್ ಫಾಕ್ಸ್‌ಪ್ರೊ 9 ಎಂಬ ಹಳೇ ಡೇಟಾಬೇಸ್ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2015ರ ಜನವರಿಯಲ್ಲಿ. ಆದರೂ ಅದರಲ್ಲಿ ಬರೆದ ಲೆಕ್ಕದ ಪ್ರೋಗ್ರಾಂಗಳು ಇನ್ನೂ ಓಡುತ್ತಿವೆ. ನಾನು ಕೈಗೆತ್ತಿಕೊಂಡಿದ್ದು ಒಂದು ಸಹಕಾರ ಸಂಘದ ಸದಸ್ಯರ ಖಾತೆ. ವಿವರ ಬ್ರೌಸರ್‌ನಲ್ಲಿ ಕಾಣಬೇಕು, ಕೌಂಟರ್‌ನ ಹಳೇ ಪ್ರೋಗ್ರಾಂಗೆ ಏನೂ ಆಗಬಾರದು. ಹೆಸರುಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಆಗಿವೆ.

ಮೊದಲು ಮೈಕ್ರೋಸಾಫ್ಟ್‌ನ ಹಳೇ ವೆಬ್ ತಂತ್ರವಾದ ಕ್ಲಾಸಿಕ್ ಎಎಸ್‌ಪಿ ನೋಡಿದೆ. ಫಾಕ್ಸ್‌ಪ್ರೊದ ಓಎಲ್‌ಇ ಡಿಬಿ ಪ್ರೊವೈಡರ್ (ಡೇಟಾಗೆ ಸಂಪರ್ಕ ಕೊಡುವ ತಂತ್ರಾಂಶ) ಮೂಲಕ ಎಸ್‌ಕ್ಯೂಎಲ್ ನೇರವಾಗಿ ಬರೆಯಬಹುದು, ಬೇಗ ಹುಡುಕಲು ಬಳಸುವ ಇಂಡೆಕ್ಸ್ ಕೂಡ ತಾನೇ ಸರಿಹೋಗುತ್ತದೆ. ಆದರೆ ಆ ಪ್ರೊವೈಡರ್ ಇರುವುದು 32 ಬಿಟ್‌ನಲ್ಲಿ ಮಾತ್ರ. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಲ್ಲಿ ಅಪ್ಲಿಕೇಶನ್ ಪೂಲ್ ಅನ್ನು 32 ಬಿಟ್‌ಗೆ ಇಳಿಸಲೇಬೇಕು. ಮೇಲಾಗಿ ಎಎಸ್‌ಪಿ ಬರೆಯುವ ಭಾಷೆ ವಿಬಿಸ್ಕ್ರಿಪ್ಟ್ ಅನ್ನೇ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಹೇಳಿದೆ. ಹೊಸ ಕೆಲಸವನ್ನು ಅದರ ಮೇಲೆ ಕಟ್ಟಲು ನನಗೆ ಮನಸ್ಸಾಗಲಿಲ್ಲ.

ಪಿಎಚ್‌ಪಿ ಹಾಕುವುದು ಸುಲಭ, ಹೋಸ್ಟಿಂಗ್ ಎಲ್ಲೆಡೆ ಸಿಗುತ್ತದೆ. ಫಾಕ್ಸ್‌ಪ್ರೊ ಫೈಲು ಓದಲು ಬೇಕಾದ ಡಿಬೇಸ್ ಎಕ್ಸ್‌ಟೆನ್ಶನ್ ಮಾತ್ರ ಪಿಎಚ್‌ಪಿ 5.3ರಿಂದ ಬೇರೆಯಾಗಿದೆ, ನಾವೇ ಪೆಕ್ಲ್ ಎಂಬ ಎಕ್ಸ್‌ಟೆನ್ಶನ್ ಭಂಡಾರದಿಂದ ಹಾಕಿಕೊಳ್ಳಬೇಕು. ಉದ್ದನೆಯ ಬರಹ ಇಡುವ ಮೆಮೊ ಫೀಲ್ಡ್ ಓದಲು ಅದಕ್ಕೆ ಬರುವುದಿಲ್ಲ. ಸಾಲದ ಷರಾ ಎಲ್ಲ ಮೆಮೊದಲ್ಲೇ ಇದ್ದರೆ ಕಷ್ಟ ಅಲ್ವಾ? ಇನ್ನೊಂದು: ಫಾಕ್ಸ್‌ಪ್ರೊದ ಟೇಬಲ್ ಫೈಲಾದ ಡಿಬಿಎಫ್‌ನಲ್ಲಿ ದಾಖಲೆ ಅಳಿಸಿದರೆ ಅದರ ಮೊದಲ ಬೈಟ್‌ನಲ್ಲಿ ನಕ್ಷತ್ರ ಚಿಹ್ನೆ ಬೀಳುತ್ತದೆ ಅಷ್ಟೇ, ಪ್ಯಾಕ್ ಮಾಡಿ ಅಳಿಸಿದ್ದನ್ನು ತೆಗೆದುಹಾಕುವವರೆಗೂ ದಾಖಲೆ ಅಲ್ಲೇ ಇರುತ್ತದೆ. ಪಿಎಚ್‌ಪಿ ಅದನ್ನೂ ತಂದುಕೊಡುತ್ತದೆ, ಅಳಿಸಿದ ಗುರುತು ನೋಡಿ ನಾವೇ ಬಿಡಬೇಕು. ನುಡಿ ಬೈಟ್‌ಗಳನ್ನು ಬ್ರೌಸರ್‌ಗೆ ಕಳಿಸಲು ಹಾಗೇ ಜೇಸನ್ ರೂಪಕ್ಕೆ ಕೊಟ್ಟರೆ ಯುಟಿಎಫ್-8 (ಯೂನಿಕೋಡ್ ಅನ್ನು ಬೈಟ್‌ಗಳಲ್ಲಿ ಬರೆಯುವ ಕ್ರಮ) ಸರಿಯಿಲ್ಲವೆಂದು ಬರೀ ಫಾಲ್ಸ್ ವಾಪಸ್ ಬರುತ್ತದೆ.

ಪೈಥಾನ್‌ನ ಡಿಬಿಎಫ್‌ರೀಡ್ ಲೈಬ್ರರಿ ನನಗೆ ಹಿಡಿಸಿತು. ಮೆಮೊ ಓದುತ್ತದೆ, ಅಳಿಸಿದ ದಾಖಲೆಗಳನ್ನು ಬೇರೆಯೇ ಇಡುತ್ತದೆ. ಆದರೆ ಫೈಲಿನ ಹೆಡರ್ ನೋಡಿ ಎನ್‌ಕೋಡಿಂಗ್ (ಯಾವ ಬೈಟ್ ಯಾವ ಅಕ್ಷರ ಎಂಬ ಪಟ್ಟಿ) ಊಹಿಸುತ್ತದೆ, ಆ ಊಹೆ ನುಡಿಗೆ ಹೊಂದುವುದಿಲ್ಲ. ಒಂದು ಬೈಟಿಗೆ ಒಂದು ಅಕ್ಷರವಿರುವ ಲ್ಯಾಟಿನ್-1 ಎಂದು ನಾವೇ ಹೇಳಿದರೆ ಬೈಟ್‌ಗಳು ಕೆಡದೆ ಬರುತ್ತವೆ. ಆಮೇಲೆ ಯೂನಿಕೋಡ್‌ಗೆ ತಿರುಗಿಸಬೇಕು. ಇಲ್ಲಿ ಸುಮ್ನೆ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು. 'ಧರ್ಮಪ್ಪ' ನೋಡಿ: ಫಾಂಟಿನಲ್ಲಿ ಅರ್ಕಾವತ್ತು ಮಕಾರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಜಾಗ ಬದಲಿಸುವ ಇಂಥ ನಿಯಮ ಬರೆಯುವುದು ಪೈಥಾನ್‌ನಲ್ಲಿ ಹಗುರ. ಪಿಎಚ್‌ಪಿಯಲ್ಲೂ ಆಗುತ್ತದೆ, ಆದರೆ ಅಲ್ಲಿ ಸ್ಟ್ರಿಂಗ್ ಅಂದರೆ ಬೈಟ್‌ಗಳ ಸಾಲು, ಎಚ್ಚರ ಜಾಸ್ತಿ ಬೇಕು.

ಡಿಬಿಎಫ್‌ರೀಡ್‌ಗೆ ಓದಲು ಮಾತ್ರ ಬರುತ್ತದೆ. ಇದು ಕೊರತೆ ಎನ್ನುವವರಿದ್ದಾರೆ, ನನಗಂತೂ ಅದೇ ದೊಡ್ಡ ಗುಣ. ಪಿಎಚ್‌ಪಿಯ ಡಿಬೇಸ್ ಬರೆಯುತ್ತದೆ ನಿಜ, ಆದರೆ ಫಾಕ್ಸ್‌ಪ್ರೊ ಹುಡುಕಾಟಕ್ಕೆ ಬಳಸುವ ಸಿಡಿಎಕ್ಸ್ ಇಂಡೆಕ್ಸನ್ನು ಮುಟ್ಟುವುದಿಲ್ಲ. ವೆಬ್‌ನಿಂದ ಸೇರಿಸಿದ ಸದಸ್ಯರು ಕೌಂಟರ್‌ನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ! ಜನರ ದುಡ್ಡಿನ ಲೆಕ್ಕದಲ್ಲಿ ಇದನ್ನು ಒಪ್ಪಲಾಗದು.

ಹಾಗಾಗಿ ನನ್ನ ಆಯ್ಕೆ ಪೈಥಾನ್, ಮೇಲೆ ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಚೌಕಟ್ಟಿನಲ್ಲಿ ಚಿಕ್ಕದೊಂದು ಪ್ರೋಗ್ರಾಂ. ಕೌಂಟರ್ ಮುಚ್ಚಿದ ಮೇಲೆ ಫೈಲುಗಳ ನಕಲು ತೆಗೆದು ಅದನ್ನೇ ಓದಿಸಿ. ಡಿಬಿಎಫ್ ಜೊತೆ ಮೆಮೊ ಇರುವ ಎಫ್‌ಪಿಟಿ ಫೈಲನ್ನೂ ನಕಲು ಮಾಡಿ, ಇಲ್ಲದಿದ್ದರೆ ಮೆಮೊ ಫೈಲ್ ಇಲ್ಲವೆಂದು ಡಿಬಿಎಫ್‌ರೀಡ್ ಅಲ್ಲೇ ನಿಂತುಬಿಡುತ್ತದೆ.